ಧಗೆಗೆ ಕಾಲು ಸೋತರೆ

ಕಳೆದ ಬೇಸಿಗೆಯಲ್ಲಿ ಜವನಗೊಂಡನಹಳ್ಳಿ ಕಡೆಯಿಂದ ಒಬ್ಬ ಸಹೋದರಿಯನ್ನು ಮನೆಯವರು ಕೈಹಿಡಿದು ಕರೆತಂದರು. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ಮೊದಲೇ ಪತ್ತೆಯಾಗಿತ್ತು. ತಗಡಿನ ಮಾಡಿನ ಕೆಳಗೆ ಮುದ್ದೆ ತಿರುವುವಾಗ ಕಾಲು ಸೋತು ಕಣ್ಣು ಮಂಜಾಗಿದೆ. ನರ ದೌರ್ಬಲ್ಯವೆಂದು ಮನೆಯಲ್ಲಿ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದಿದ್ದಾರೆ. ಅವರು ಇನ್ನಷ್ಟು ಕುಸಿದಿದ್ದಾರೆ. ನನ್ನ ಬಳಿ ಬಂದದ್ದು ಹಮ್ಮಾಮ್ ಚಿಕಿತ್ಸೆ ಕೇಳಿಕೊಂಡು! ನಾನು ಫ್ಯಾನಿನಡಿ ಕೂರಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಸಿದೆ. ಮುಕ್ಕಾಲು ಗಂಟೆಯಲ್ಲಿ ಗೋಡೆ ಹಿಡಿದು ನಡೆದರು.

ಈ ಕಾಯಿಲೆಯಲ್ಲಿ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗಿರುತ್ತದೆ, ಕರೆಂಟಿನ ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಅಂಥ ಜಾಗದಲ್ಲಿ ನರದ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಶ್ರಮಪಟ್ಟಾಗ ಈ ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಬರೆದಿಟ್ಟರು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ರೋಗ ಪತ್ತೆಗೆ ಯತ್ನಿಸುತ್ತಿದ್ದರು. ನಾವು ಗೊತ್ತಿಲ್ಲದೆ ಬಚ್ಚಲಲ್ಲಿ ಮಾಡುವುದೂ ಅದನ್ನೇ.

ಮೈ ತಣಿದರೆ ಈ ತೊಂದರೆ ಇಳಿಯುತ್ತದೆ. ನರಕ್ಕೆ ಹೊಸ ಹಾನಿ ಆಗಿರುವುದಿಲ್ಲ. ಆದರೆ ತಣಿದ ಮೇಲೂ 24 ಗಂಟೆ ಮೀರಿ ಉಳಿದರೆ, ಹಿಂದೆಂದೂ ಇಲ್ಲದ ಲಕ್ಷಣ ಕಂಡರೆ, ನರರೋಗ ತಜ್ಞರಿಗೆ ತೋರಿಸಿ. ಜ್ವರವಿದ್ದರೆ ಕಾರಣ ಹುಡುಕಿಸಿ. ಮೂತ್ರದ ಸೋಂಕು ಇವರಲ್ಲಿ ಸಾಮಾನ್ಯ. ಮೈ ಕಾದು ಮಾತು ತಪ್ಪಿದರೆ ಅದು ಬಿಸಿಲಾಘಾತ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಹಮ್ಮಾಮ್, ಶಾಖ ಕೊಡುವುದು ನಮ್ಮ ಯುನಾನಿಯ ಒಳ್ಳೆಯ ಚಿಕಿತ್ಸೆಗಳೇ. ಈ ರೋಗಿಗೆ ಮಾತ್ರ ಬೇಡ. ತಜ್ಞರು ಕೊಟ್ಟ ಮಾತ್ರೆ, ಇಂಜೆಕ್ಷನ್ ನಿಲ್ಲಿಸಿ ನಮ್ಮ ಬಳಿ ಬರುವುದೂ ಬೇಡ.

ಒಲೆಯ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ. ಹೊರಡುವ ಮುಂಚೆ ತಣ್ಣೀರಿನಲ್ಲಿ ಮೈ ಒರೆಸಿಕೊಳ್ಳಿ. ಬುರ್ಖಾ ತೆಳು ಹತ್ತಿಯದು, ತಿಳಿಬಣ್ಣದ್ದು ಇರಲಿ. ಇವರಿಗೆ ಸ್ಪರ್ಶ ಕಡಿಮೆ ಇರಬಹುದು, ಐಸ್ ನೇರವಾಗಿ ಚರ್ಮಕ್ಕಿಡಬೇಡಿ. ಇನ್ನೊಂದು ಸಂಗತಿ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ: ಮೂತ್ರ ತಡೆಯಲಾಗದೆಂಬ ಭಯಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದನ್ನು ಮನೆಯವರು ಗಮನಿಸಬೇಕು. ರಮಝಾನ್ ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಿ. ರೋಗಿಗೆ ವಿನಾಯಿತಿ ಇದೆ, ಕುಳಿತು ನಮಾಝ್ ಮಾಡಲೂ ಅನುಮತಿಯಿದೆ.

ಬೆಳಿಗ್ಗೆ ಚೆನ್ನಾಗಿದ್ದವಳು ಮಧ್ಯಾಹ್ನ ನಾಟಕವಾಡುತ್ತಾಳೆ ಎಂದು ಆ ಸಹೋದರಿಯ ಅತ್ತೆ ದೂರಿದ್ದರು. ಹೊದಿಕೆ ಸುಲಿದ ನರದ ಕಥೆ ಹೇಳಿದೆ, ಸುಮ್ಮನೆ ಕೇಳಿಸಿಕೊಂಡರು. ಈಗ ಆ ಮನೆಯಲ್ಲಿ ಮಧ್ಯಾಹ್ನದ ಮುದ್ದೆ ಅತ್ತೆಯೇ ತಿರುವುತ್ತಾರಂತೆ.