ನಿಮಗಿದು ಗೊತ್ತೇ? ನಗರಸಭೆಗೆ ಮಣಿಯದ ಮಠಾಧ್ಯಕ್ಷೆ

ಐನೂರು ವರ್ಷಗಳ ಹಿಂದೆ ಜರ್ಮನಿಯ ನ್ಯೂರೆಂಬರ್ಗ್ ನಗರವನ್ನೇ ಎದುರು ಹಾಕಿಕೊಂಡ ಕನ್ಯಾಸ್ತ್ರೀಯೊಬ್ಬಳಿದ್ದಳು. ಹೆಸರು ಕಾರಿಟಾಸ್ ಪಿರ್ಕ್‌ಹೈಮರ್. ಊರಿನ ದೊಡ್ಡವರ ಕಣ್ಣಿಗೆ ಹಟಮಾರಿ ಹೆಂಗಸು, ಮಠದೊಳಗಿನ ಅರವತ್ತರಷ್ಟು ಸಹೋದರಿಯರಿಗೆ ಹೆತ್ತ ತಾಯಿಗಿಂತ ಹೆಚ್ಚು.

ಆಕೆ ಹುಟ್ಟಿದ್ದು 1467ರಲ್ಲಿ. ಮನೆಯವರಿಟ್ಟ ಹೆಸರು ಬಾರ್ಬರಾ. ಹನ್ನೆರಡರ ವಯಸ್ಸಿಗೆ ನ್ಯೂರೆಂಬರ್ಗಿನ ಸೇಂಟ್ ಕ್ಲಾರಾ ಕನ್ಯಾಮಠಕ್ಕೆ ಓದಲು ಹೋದವಳು ಅಲ್ಲೇ ಉಳಿದಳು. ಕಾರಿಟಾಸ್ ಎಂಬುದು ಮಠದಲ್ಲಿ ಬಂದ ಹೆಸರು. ಲ್ಯಾಟಿನ್ನಿನಲ್ಲಿ ಅದಕ್ಕೆ ಪ್ರೀತಿ ಎಂದರ್ಥ.

ವಿದ್ವಾಂಸರ ಜೊತೆ ಲ್ಯಾಟಿನ್ನಿನಲ್ಲೇ ಪತ್ರ ಬರೆಯುತ್ತಿದ್ದಳು ಎಂಬುದು ಗೊತ್ತೇ? ಹತ್ತನೇ ಶತಮಾನದಲ್ಲಿ ನಾಟಕ ಬರೆದ ರೋಸ್ವಿತಾಳ ಕೃತಿಗಳನ್ನು ಕವಿ ಕೊನ್ರಾಡ್ ಸೆಲ್ಟಿಸ್ 1501ರಲ್ಲಿ ಮೊದಲ ಬಾರಿಗೆ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಕಾರಿಟಾಸ್‌ಗೆ ಕಳಿಸಿದ. ಆಕೆ ಧನ್ಯವಾದ ಹೇಳಿದಳು. ಅದರ ಜೊತೆಗೇ, ಹಳೆಯ ರೋಮನ್ ದೇವರುಗಳ ಕಟ್ಟುಕಥೆ ಬಿಟ್ಟು ಬೈಬಲ್ ಕಡೆ ತಿರುಗಪ್ಪಾ ಎಂದು ಆ ಮಹಾಕವಿಗೇ ಬುದ್ಧಿ ಹೇಳಿದಳು!

1503ರಲ್ಲಿ ಮಠದ ಅಧ್ಯಕ್ಷೆಯಾದಳು. ಆಗಲೇ ಆಕೆಯ ಮೇಲಿನ ಫ್ರಾನ್ಸಿಸ್ಕನ್ ಗುರುಗಳು ಲ್ಯಾಟಿನ್ನಿನಲ್ಲಿ ಬರೆಯುವುದನ್ನು ನಿಷೇಧಿಸಿದರು. ಕಲಿತ ಹೆಣ್ಣಿನ ಕೈಯಿಂದ ಲೇಖನಿ ಕಸಿದದ್ದು ಮುಂದೆ ಕ್ಯಾಥೊಲಿಕ್ ಸಭೆಯನ್ನು ಎದುರಿಸಿದ ಸುಧಾರಕ ಲೂಥರನ ಕಡೆಯವರಲ್ಲ, ಅವಳ ಸ್ವಂತ ಸಭೆಯವರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಹಾ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಮೇರಿಮಾತೆಯ ಬದುಕನ್ನು ಮರದಚ್ಚಿನ ಚಿತ್ರಗಳಲ್ಲಿ ಕೊರೆದು 1511ರಲ್ಲಿ ಪುಸ್ತಕ ಮಾಡಿದ. ಅದು ಅರ್ಪಿತವಾದದ್ದು ಕಾರಿಟಾಸ್‌ಗೆ.

ಇನ್ನು ವಿವಾದಕ್ಕೆ ಬರೋಣ. ಲೂಥರನ ವಿರೋಧಿ ಎಮ್ಸರ್ ಎಂಬುವವನನ್ನು ಮೆಚ್ಚಿ ಆಕೆ 1522ರಲ್ಲಿ ಒಂದು ಖಾಸಗಿ ಪತ್ರ ಬರೆದಳು. ಅದು ಯಾರದೋ ಕೈಗೆ ಸಿಕ್ಕಿತು. ಅಂಚಿನಲ್ಲೆಲ್ಲ ಗೇಲಿಯ ಟಿಪ್ಪಣಿ ಸೇರಿಸಿ ಅಚ್ಚು ಹಾಕಿ ಹಂಚಿದರು.

1525ರ ಮಾರ್ಚ್‌ನಲ್ಲಿ ನ್ಯೂರೆಂಬರ್ಗ್ ಲೂಥರನ ಪಂಥಕ್ಕೆ ತಿರುಗಿತು. ಫ್ರಾನ್ಸಿಸ್ಕನ್ ಗುರುಗಳು ಮಠಕ್ಕೆ ಕಾಲಿಡುವಂತಿಲ್ಲ ಎಂದಾಯಿತು. ಬಲಿಪೂಜೆ, ಪಾಪನಿವೇದನೆ, ಪರಮಪ್ರಸಾದ ಎಲ್ಲವೂ ನಿಂತವು. ಬದಲಿಗೆ ನಗರಸಭೆ ಹೊಸ ಪಂಥದ ಬೋಧಕರನ್ನು ಕಳಿಸಿತು. ಸಹೋದರಿಯರು ಕಡ್ಡಾಯವಾಗಿ ಕೂತು ಕೇಳಬೇಕು. ಹೀಗೆ ನೂರಕ್ಕೂ ಹೆಚ್ಚು ಬೋಧನೆಗಳಾದವು. ಇವರು ಕಿವಿಗೆ ಹತ್ತಿ ತುರುಕಿಕೊಂಡು ಕೂತಿರಬಹುದೇ ಎಂಬ ಅನುಮಾನ ಬೇರೆ! ಹೊರಗಿನಿಂದ ಪುಂಡರು ಕಿಟಕಿಗೆ ಕಲ್ಲು ತೂರಿದರು.

ಮಠ ಬಿಟ್ಟು ಹೋಗಲು ಎಲ್ಲರಿಗೂ ಅನುಮತಿ ಕೊಡು ಎಂದು ನಗರಸಭೆ ಆಜ್ಞೆ ಮಾಡಿದಾಗ ಕಾರಿಟಾಸ್ ಮಾಡಿದ್ದೇನು ಗೊತ್ತೇ? ತಾನೊಬ್ಬಳೇ ಉತ್ತರ ಬರೆಯಲಿಲ್ಲ. ಸಹೋದರಿಯರನ್ನೆಲ್ಲ ಕೂಡಿಸಿ ಅವರವರ ಮಾತನ್ನೇ ಕೇಳಿದಳು. ಇಲ್ಲೇ ಇರುತ್ತೇವೆ ಎಂದರು. ಆಕೆಯ ವಾದ ಸರಳ: ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಬೋಧಿಸುವವರು ನೀವೇ, ಹಾಗಿದ್ದರೆ ನಮ್ಮ ಮನಸ್ಸಾಕ್ಷಿಯನ್ನು ನಮಗೇ ಬಿಡಿ. ಈ ಪ್ರಶ್ನೆಗೆ ನಗರಸಭೆಯ ಬಳಿ ಉತ್ತರವಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

ಉತ್ತರವಿಲ್ಲದಾಗ ತೋಳಿನ ಬಲ ಬಂತು. 1525ರ ಜೂನ್ 14ರಂದು ಮೂವರು ತಾಯಂದಿರು ಬಂಧುಗಳ ಜೊತೆ ಬಂದು ತಮ್ಮ ಹೆಣ್ಣುಮಕ್ಕಳನ್ನು ಮಠದಿಂದ ಎಳೆದೊಯ್ದರು. ಮಾರ್ಗರೇಟಾ ಟೆಟ್ಸೆಲ್, ಕಟರೀನಾ ಎಬ್ನರ್, ಕ್ಲಾರಾ ನ್ಯೂಟ್ಸೆಲ್. ಚಿಕ್ಕಂದಿನಲ್ಲಿ ಇವರನ್ನು ಮಠಕ್ಕೆ ಕೊಟ್ಟವರೂ ಅದೇ ಮನೆಯವರೇ. ಹುಡುಗಿಯರು ಗೋಗರೆದರು, ಬರುವುದಿಲ್ಲ ಎಂದು ಅತ್ತರು. ಕಟರೀನಾ ಎಬ್ನರ್ ಬೈಬಲ್ಲಿನ ಮಾತುಗಳನ್ನೇ ಮುಂದಿಟ್ಟು ವಾದಕ್ಕೆ ನಿಂತಳು. ಒಬ್ಬೊಬ್ಬಳಿಗೆ ನಾಲ್ವರು: ಇಬ್ಬರು ಮುಂದಿನಿಂದ ಎಳೆದರು, ಇಬ್ಬರು ಹಿಂದಿನಿಂದ ದಬ್ಬಿದರು. ಮೈಮೇಲಿನ ದೀಕ್ಷಾವಸ್ತ್ರ ತೆಗೆಸಿ ಲೌಕಿಕರ ಉಡುಪು ತೊಡಿಸಿದರು. ಹೊರಗೆ ಜನ ಜಾತ್ರೆಯಂತೆ ನೆರೆದಿದ್ದರು. ಈ ದೃಶ್ಯವನ್ನು ಒಂದೊಂದು ವಿವರವೂ ತಪ್ಪದಂತೆ ಬರೆದಿಟ್ಟವಳು ಕಾರಿಟಾಸ್. ಲ್ಯಾಟಿನ್ ಕಸಿದುಕೊಂಡಿದ್ದರು, ಆಕೆಗೆ ಜರ್ಮನ್ ಇತ್ತು.

ಆ ಕ್ಲಾರಾಳ ತಂದೆ ಕಾಸ್ಪರ್ ನ್ಯೂಟ್ಸೆಲ್ ಯಾರು ಗೊತ್ತೇ? ಮಠದ ಹಿತ ನೋಡಿಕೊಳ್ಳಲೆಂದು ನಗರಸಭೆ ನೇಮಿಸಿದ್ದ ಮೇಲ್ವಿಚಾರಕ. ಲೂಥರನ ಹೋರಾಟಕ್ಕೆ ನಾಂದಿಯಾದ 95 ಸೂತ್ರಗಳನ್ನು ಜರ್ಮನ್‌ಗೆ ಅನುವಾದಿಸಿದವನೂ ಅವನೇ.

ಕಾರಿಟಾಸಳ ತಮ್ಮ ವಿಲಿಬಾಲ್ಡ್ ಹೆಸರಾಂತ ವಿದ್ವಾಂಸ, ಡ್ಯೂರರನ ಆಪ್ತಮಿತ್ರ. ಮೊದಲು ಲೂಥರನ ಕಡೆಗೆ ಒಲವಿದ್ದವನು ಅಕ್ಕನ ಮಠದ ಪಾಡು ಕಂಡು ಮನಸ್ಸು ಕಹಿ ಮಾಡಿಕೊಂಡ. ಅವನ ಇಬ್ಬರು ಹೆಣ್ಣುಮಕ್ಕಳೂ ಅದೇ ಮಠದಲ್ಲಿದ್ದರು.

ಕೊನೆಗೆ ಆಕೆಯ ನೆರವಿಗೆ ಬಂದದ್ದು ಲೂಥರನ ಬಲಗೈಯಂತಿದ್ದ ಫಿಲಿಪ್ ಮೆಲಾಂಕ್ಥನ್! 1525ರ ನವೆಂಬರ್‌ನಲ್ಲಿ ಹೊಸ ಶಾಲೆಯ ವಿಚಾರ ಮಾತಾಡಲು ನಗರಕ್ಕೆ ಬಂದಿದ್ದ ಅವನು ಮಠಕ್ಕೂ ಹೋದ. ಇಬ್ಬರೂ ಮಾತಾಡಿದರು. ದೇವರ ಕೃಪೆಯನ್ನು ನಂಬಿದ್ದೇವೆಯೇ ಹೊರತು ನಮ್ಮ ಪುಣ್ಯಕಾರ್ಯಗಳನ್ನಲ್ಲ ಎಂದು ಆಕೆ ಹೇಳಿದಾಗ ಅವನಿಗೆ ತಕರಾರಿರಲಿಲ್ಲ. ಒಮ್ಮತ ಬಾರದೆ ಉಳಿದದ್ದು ಒಂದೇ ವಿಷಯದಲ್ಲಿ. ಸನ್ಯಾಸದ ಪ್ರತಿಜ್ಞೆ ಕಟ್ಟುಪಾಡಲ್ಲ ಎಂದು ಅವನು. ದೇವರಿಗೆ ಕೊಟ್ಟ ಮಾತು ಮಾತೇ ಎಂದು ಆಕೆ. ಸ್ನೇಹದಿಂದಲೇ ಬೀಳ್ಕೊಂಡರು. ಬಲವಂತ ಬೇಡವೆಂದು ಅವನು ನಗರದ ಹಿರಿಯರಿಗೆ ತಿಳಿಹೇಳಿದ. ಮಠ ಉಳಿಯಿತು, ಆದರೆ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ.

ಇಷ್ಟೆಲ್ಲ ಒತ್ತಡದಲ್ಲೂ ಸ್ವಇಚ್ಛೆಯಿಂದ ಮಠ ತೊರೆದವಳು ಒಬ್ಬಳೇ ಒಬ್ಬಳು.

1529ರಲ್ಲಿ, ಕಾರಿಟಾಸ್ ಅಧ್ಯಕ್ಷೆಯಾಗಿ 25 ವರ್ಷ ತುಂಬಿದ ಸಂಭ್ರಮಕ್ಕೆ, ಮಠದಲ್ಲಿ ಹ್ಯಾಕ್‌ಬ್ರೆಟ್ ಮೊಳಗಿತು. ನಮ್ಮ ಸಂತೂರಿನ ಹಾಗೆ ಕಡ್ಡಿಯಿಂದ ನುಡಿಸುವ ತಂತಿವಾದ್ಯ ಅದು. ಪೂಜೆಯಿಲ್ಲದ, ಹೊಸ ಮುಖಗಳು ಬರಲಾರದ ಆ ಮಠದಲ್ಲಿ ಸಹೋದರಿಯರು ಅಂದು ಕುಣಿದರು.

1532ರ ಆಗಸ್ಟ್ 19ರಂದು ಆಕೆ ತೀರಿಕೊಂಡಳು. ನಂತರ ತಂಗಿ ಕ್ಲಾರಾ, ಅವಳ ನಂತರ ತಮ್ಮನ ಮಗಳು ಕಟರೀನಾ ಅಧ್ಯಕ್ಷೆಯಾದರು. ಒಬ್ಬೊಬ್ಬರೇ ಸಾಯುತ್ತಾ ಬಂದು, ಶತಮಾನದ ಕೊನೆಯ ದಶಕದಲ್ಲಿ ಮಠ ಬರಿದಾಯಿತು.

ಆ ದಿನಗಳ ಬಗ್ಗೆ ಆಕೆ ಜೋಡಿಸಿಟ್ಟ ಬರಹ ಅಚ್ಚಾದದ್ದು 1852ರಲ್ಲಿ. ಸಮಾಧಿ ಪತ್ತೆಯಾದದ್ದು 1959ರಲ್ಲಿ. ಈಗ ಅದೇ ಸೇಂಟ್ ಕ್ಲಾರಾ ಚರ್ಚಿನಲ್ಲಿ ಆಕೆಯ ಅಸ್ಥಿ ಇದೆ, ಅಲ್ಲಿ ಮತ್ತೆ ಬಲಿಪೂಜೆ ನಡೆಯುತ್ತಿದೆ.