ಕಾಯಕವನ್ನರಸಿ ಊರು ಬಿಡುವ ಮುನ್ನ

ಇರುವ ಊರಿನಲ್ಲಿ ನೌಕರಿಯಿದೆ. ತಿಂಗಳು ತುಂಬಿದೊಡನೆ ಸಂಬಳ ಕೈ ಸೇರುತ್ತದೆ. ಆದರೂ ದೂರದ ಊರಿನಲ್ಲಿ ಮನಸ್ಸಿಗೊಪ್ಪುವ ಕೆಲಸವೊಂದು ಕರೆಯುತ್ತಿದೆ. ಹೋಗಬೇಕೆ, ಇರಬೇಕೆ? ಇತ್ತೀಚಿನ ವರ್ಷಗಳಲ್ಲಿ ಸದ್ಭಕ್ತರ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಹಿಂದೆ ಜನ ಊರು ಬಿಡುತ್ತಿದ್ದುದು ಬರಗಾಲಕ್ಕೆ ಹೆದರಿ, ಇಲ್ಲವೆ ಸರಕಾರದ ವರ್ಗಾವಣೆಯ ಆದೇಶಕ್ಕೆ ತಲೆಬಾಗಿ. ಹೋಗುವವನಿಗೆ ಆಯ್ಕೆಯೆಂಬುದೇ ಇರುತ್ತಿರಲಿಲ್ಲ. ಈಗ ಉಂಡು ಉಟ್ಟು ಸುಖವಾಗಿರುವವನಿಗೂ ಆ ವಿಚಾರ ಬರುತ್ತಿದೆ. ಕೇಳಿದ ಹಿರಿಯರಿಗೆ ಬೇಸರ. ಇದ್ದುದರಲ್ಲಿ ತೃಪ್ತಿಪಡಬಾರದೆ, ಮಾಡುವ ಕೆಲಸದಲ್ಲಿ ನಿಷ್ಠೆಯಿಂದಿರುವುದೇ ಕಾಯಕವಲ್ಲವೆ ಎಂದು ಅವರು ಶರಣರನ್ನೇ ಸಾಕ್ಷಿಗೆ ಕರೆಯುತ್ತಾರೆ. ಶರಣರ ಸಾಕ್ಷಿ ಅಷ್ಟು ಸುಲಭವಾಗಿ ಹಿರಿಯರ ಪಕ್ಷಕ್ಕೆ ಒಲಿಯುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಬಸವಣ್ಣನವರನ್ನೇ ನೋಡೋಣ. ಬಾಗೇವಾಡಿಯ ಮನೆಯನ್ನು ಬಿಟ್ಟು ಅವರು ಕೂಡಲಸಂಗಮಕ್ಕೆ ಹೋದದ್ದು ಅರಿವಿಗಾಗಿ. ಸಂಗಮದಿಂದ ಮಂಗಳವೇಡೆಗೆ ಹೋದ ಮೇಲೆ ಬಿಜ್ಜಳನ ಆಶ್ರಯದಲ್ಲಿ ಕರಣಿಕರಾಗಿ ಲೆಕ್ಕ ಬರೆದರು. ಅಲ್ಲಿಂದ ಕಲ್ಯಾಣಕ್ಕೆ ಬಂದು ಭಂಡಾರಿಗಳಾದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ನೌಕರಿಯ ನಿಮಿತ್ತ ಊರಿಂದೂರಿಗೆ ಬಿಡಾರ ಬದಲಿಸಿದವರು ನಮ್ಮ ಧರ್ಮಗುರುಗಳು. ಇನ್ನು ಕಲ್ಯಾಣವಾದರೂ ಯಾರ ಹುಟ್ಟೂರು? ಬಳ್ಳಿಗಾವೆಯಿಂದ ಅಲ್ಲಮಪ್ರಭುಗಳು ಬಂದರು, ಉಡುತಡಿಯಿಂದ ಅಕ್ಕಮಹಾದೇವಿ ಬಂದಳು, ಸೊನ್ನಲಿಗೆಯಿಂದ ಸಿದ್ಧರಾಮರು ಬಂದರು. ಮೋಳಿಗೆಯ ಮಾರಯ್ಯ ದಂಪತಿಗಳು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ತಂದೆಯ ವೃತ್ತಿಯನ್ನೇ ಮಗನ ಕೊರಳಿಗೆ ಕಟ್ಟುವ ಹಗ್ಗವನ್ನು ಕಡಿದವರು ಶರಣರು. ಅವರ ಕಾಯಕವೆಂಬ ಪದವನ್ನೇ ಈಗ ಹೊಸ ಹಗ್ಗವಾಗಿ ಹೊಸೆದು ಮಕ್ಕಳನ್ನು ಕಟ್ಟಿಹಾಕುವುದು ನ್ಯಾಯವಲ್ಲ. ಕೆಲವು ಮಾಲೀಕರೂ ಸಂಬಳ ಏರಿಸಿರೆಂದು ಕೇಳಿದ ಕೂಡಲೇ ಕಾಯಕದ ಉಪದೇಶಕ್ಕೆ ತೊಡಗುವುದನ್ನು ನಾವು ಕಂಡಿದ್ದೇವೆ; ಆ ಮಾತು ಇಲ್ಲಿಗಿರಲಿ.

ಹಾಗಾದರೆ ಕರೆ ಬಂದವರೆಲ್ಲ ಹೊರಟುಬಿಡಬೇಕೆ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಭಾಗದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಯಬೇಕು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಈ ಪ್ರಸಂಗವನ್ನು ನಮ್ಮ ಪ್ರವಚನಗಳಲ್ಲಿ ಹಲವು ಸಲ ಕೇಳಿದ್ದೀರಿ. ಇದರ ಜೊತೆಗಿರುವ ಇನ್ನೊಂದು ಪ್ರಸಂಗವನ್ನು ಹೇಳುವವರು ಕಡಿಮೆ. ಮಾರಯ್ಯ ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದಾಗಲೂ ಲಕ್ಕಮ್ಮನೇ ಬಂದು, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿದಳು. ಮೊದಲನೆಯದು ಹಣದಾಸೆಗೆ ಹಾಕಿದ ತಡೆ. ಎರಡನೆಯದು ಮನಸ್ಸಿನ ಸಂತೋಷಕ್ಕೆ ಹಾಕಿದ ತಡೆ. ಅನುಭಾವದ ಗೋಷ್ಠಿಗಿಂತ ಮಿಗಿಲಾದ ತೃಪ್ತಿ ಶರಣನಿಗೆ ಬೇರೊಂದಿದೆಯೆ? ಆ ತೃಪ್ತಿಯನ್ನೂ ಲಕ್ಕಮ್ಮ ಪ್ರಶ್ನಿಸಿದಳು, ಏಕೆಂದರೆ ಮನೆಯ ದಾಸೋಹ ನಿಂತುಹೋಗುತ್ತಿತ್ತು. ಮನಸ್ಸಿಗೆ ತೃಪ್ತಿ ಕೊಡುವ ಕೆಲಸ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದಕ್ಕೂ ಬೆಲೆಯೊಂದಿದೆ. ಅದನ್ನು ಯಾರು ತೆರುತ್ತಾರೆ ಎಂದು ಕೇಳುವ ಅಧಿಕಾರ ಮಡದಿಗಿದೆ.

ಕಳೆದ ಮಾಘಮಾಸದಲ್ಲಿ ವಿಜಯಪುರ ಜಿಲ್ಲೆಯ ದಂಪತಿಗಳು ಇದೇ ವಿಚಾರವಾಗಿ ನಮ್ಮಲ್ಲಿಗೆ ಬಂದಿದ್ದರು. ಹೆಸರು ಬೇಡ. ಪತಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಹನ್ನೆರಡು ವರ್ಷಗಳಿಂದ ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ಕಾಗದಪತ್ರ ನೋಡುತ್ತಿದ್ದಾನೆ. ಹೈದರಾಬಾದಿನ ಬಳಿ ಜೋಳದ ತಳಿಗಳ ಮೇಲೆ ನಡೆಯುವ ಸಂಶೋಧನೆಯಲ್ಲಿ ಅವನಿಗೊಂದು ಸ್ಥಾನ ದೊರೆತಿದೆ. ಸಂಬಳ ಈಗಿನದಕ್ಕಿಂತ ತುಸು ಕಡಿಮೆಯೇ, ಅದೂ ಮೂರು ವರ್ಷಗಳ ಕರಾರು. ಪತ್ನಿ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ರಾಜ್ಯದ ಸೇವೆಯಲ್ಲಿರುವವರಿಗೆ ತೆಲಂಗಾಣದ ಶಾಲೆಗೆ ವರ್ಗವಿಲ್ಲ. ಹಿರಿಯ ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯಿದ್ದಾರೆ.

ನಾವು ಆ ತರುಣನಿಗೆ ಮೊದಲು ಕೇಳಿದ್ದು ಒಂದೇ ಮಾತು. ಬ್ಯಾಂಕಿನಲ್ಲಿ ಈಗ ನಿನಗೆ ಕಿರಿಕಿರಿ ಕೊಡುತ್ತಿರುವ ಮೇಲಧಿಕಾರಿ ನಾಳೆಯೇ ಬೇರೆಡೆಗೆ ಹೋದರೆ, ಆಗಲೂ ಹೈದರಾಬಾದು ಬೇಕೆನಿಸುತ್ತದೆಯೆ? ಬಹಳ ಮಂದಿ ಮನುಷ್ಯರ ಮೇಲಿನ ಸಿಟ್ಟನ್ನು ಊರಿನ ಮೇಲೆ ಹಾಕಿ ಹೊರಡುತ್ತಾರೆ. ಹೋದ ಊರಿನಲ್ಲಿಯೂ ಅಂಥದೇ ಮನುಷ್ಯರು ಇರುತ್ತಾರೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಜೋಳದ ಮಾತಿಗೆ ತೊಡಗಿದ. ಹಿಂಗಾರಿ ಬಿಳಿಜೋಳವನ್ನು ಬಿತ್ತಿದ ಮೇಲೆ ನಮ್ಮ ಎರೆಭೂಮಿಯಲ್ಲಿ ಮಳೆಯ ಭರವಸೆಯಿಲ್ಲ. ನೆಲದಲ್ಲಿ ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆ ನಿಲ್ಲಬೇಕು. ತೆನೆ ಹಾಲುಗಟ್ಟುವ ಹೊತ್ತಿಗೆ ಆ ತೇವವೂ ತೀರುತ್ತದೆ. ನಮ್ಮ ರೈತರು ಮಾಲದಂಡಿಯೆಂದು ಕರೆಯುವ ಎಂ 35-1 ತಳಿ ಇಷ್ಟು ಕಾಲ ಉಳಿದುಬಂದಿರುವುದು ರೊಟ್ಟಿಯ ರುಚಿಯಿಂದ, ದನಗಳಿಗೆ ಸಿಗುವ ಕಣಿಕೆಯಿಂದ. ಅದೇ ರುಚಿ, ಅದೇ ಕಣಿಕೆ ಉಳಿಸಿಕೊಂಡು ಕೊನೆಯ ಬರವನ್ನು ಇನ್ನಷ್ಟು ತಾಳುವ ತಳಿ ಬೇಕು ಎಂದು ಆತ ಅರ್ಧಗಂಟೆ ಹೇಳಿದ. ಹೇಳುವಾಗ ಸಾಲದ ಕಾಗದಪತ್ರದ ದಣಿವು ಮುಖದಲ್ಲಿರಲಿಲ್ಲ. ಇವನದು ಬರಿಯ ಬೇಸರವಲ್ಲ, ಕಾಯಕದ ಹಸಿವೇ ಎಂದು ನಮಗೆ ತೋರಿತು. ಆ ಕೆಲಸದ ಫಲ ಅವನೊಬ್ಬನ ಮನಸ್ಸಿನಲ್ಲಿ ನಿಲ್ಲದೆ ಹೊಲಗಳಿಗೂ ತಟ್ಟೆಗಳಿಗೂ ಹೋಗುವಂಥದು.

ಆಗ ಅಷ್ಟುಹೊತ್ತು ಸುಮ್ಮನೆ ಕುಳಿತಿದ್ದ ಆ ತಾಯಿ ನುಡಿದಳು: "ಅವ್ರು ಹೋಗೂದು ಬ್ಯಾಡ ಅಂತ ನಾ ಅನ್ನೂದಿಲ್ರೀ ಅಜ್ಜಾರ. ಒಂದು ತಳಿ ಆಗಬೇಕಂದ್ರ ಎಂಟ್ಹತ್ತು ವರ್ಷ ಬೇಕು ಅಂತ ಅವ್ರ ಹೇಳ್ತಾರ. ಕರಾರು ಮೂರು ವರ್ಷದ್ದೈತ್ರೀ. ನಾಲ್ಕನೇ ವರ್ಷ ನಾವು ಎಲ್ಲಿರೋದ್ರೀ?"

ಲಕ್ಕಮ್ಮನ ಪ್ರಶ್ನೆಯಿದು. ಇದಕ್ಕೆ ಆತನಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ.

ಊರು ಬಿಡದೆಯೇ ಮನಸ್ಸಿನ ಕಾಯಕ ಮಾಡಿದವರೂ ಉಂಟಲ್ಲವೆ ಎಂದು ನಾವು ಫ.ಗು. ಹಳಕಟ್ಟಿಯವರ ಮಾತು ತೆಗೆದೆವು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, ಬೆಳಗಾವಿಯಲ್ಲಿ ವಕೀಲಿ ತೊಡಗಿ, ಬಳಿಕ ವಿಜಾಪುರದಲ್ಲಿ ನೆಲೆನಿಂತವರು ಅವರು. ವಿಜಾಪುರಕ್ಕೆ ಬಂದದ್ದು ವಕೀಲಿಗಾಗಿ. ನಾಡು ನೆನೆಯುವುದು ಅವರನ್ನು ವಚನಗಳಿಗಾಗಿ. ಕರಿ ಕೋಟು ತೊಟ್ಟೇ ತಾಡೋಲೆಗಳನ್ನು ಹುಡುಕಿದರು, ಪಾಠಗಳನ್ನು ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಹೊಟ್ಟೆಪಾಡಿನ ಕೆಲಸ ಒಂದಾಗಿ ಮನಸ್ಸಿನ ಕೆಲಸ ಇನ್ನೊಂದಾಗಿ, ಎರಡನ್ನೂ ಒಂದೇ ಊರಿನಲ್ಲಿ ನಡೆಸಿದ ಬಾಳು ಅದು. ಆದರೆ ಈ ಉದಾಹರಣೆ ಹೇಳುವಾಗ ಅರ್ಧ ಕತೆ ಹೇಳಬಾರದು. ಮುದ್ರಣಾಲಯಕ್ಕಾಗಿ ಅವರು ಇದ್ದ ಮನೆಯನ್ನು ಮಾರಿದರು. ಊರು ಬಿಡಲಿಲ್ಲ, ನಿಜ; ಮನೆ ಹೋಯಿತು.

ಆ ತರುಣನಿಗೆ ಹಳಕಟ್ಟಿಯವರ ದಾರಿ ಒಗ್ಗಲಿಲ್ಲ. ತಾಡೋಲೆಯನ್ನು ರಾತ್ರಿ ದೀಪ ಹಚ್ಚಿಕೊಂಡು ಓದಬಹುದು. ತಳಿಯ ಕೆಲಸಕ್ಕೆ ಪ್ರಯೋಗಶಾಲೆ ಬೇಕು, ಹಲವು ಊರುಗಳ ಹೊಲ ಬೇಕು, ಹತ್ತಾರು ಜನರ ಕೈ ಬೇಕು, ತನಗಿರುವ ನಾಲ್ಕೆಕರೆಯಲ್ಲಿ ಸಂಜೆಯ ಬಿಡುವಿನಲ್ಲಿ ಆಗದು ಎಂದ. ಒಪ್ಪತಕ್ಕ ಮಾತೇ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗಬೇಕೆಂದು ಹಟ ಹಿಡಿಯುವುದು ಉಪದೇಶಕರ ರೋಗ.

ಊರು ಬಿಟ್ಟವನು ಶಾಶ್ವತವಾಗಿ ಬಿಟ್ಟನೆಂದು ಮನೆಯವರು ಗೋಳಾಡುವುದೂ ಅನಗತ್ಯ. ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಅಪಾರವಾದ ಜನಹಿತ ಮಾಡುತ್ತಿದ್ದವರು. ಪ್ರಭುದೇವರ ಕರೆಗೆ ಓಗೊಟ್ಟು ಕಲ್ಯಾಣಕ್ಕೆ ಹೋದರು. ಆದರೆ ಅವರ ಗದ್ದುಗೆ ಇರುವುದು ಕಲ್ಯಾಣದಲ್ಲಲ್ಲ. ಇಂದಿನ ಸೊಲ್ಲಾಪುರದಲ್ಲಿ, ಅವರ ಹೆಸರಿನ ಕೆರೆಯ ನಡುವೆ. ಇನ್ನು ಹೈದರಾಬಾದಾದರೂ ನಮಗೆ ತೀರ ಹೊರಗಿನದೇನಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಆ ಸಂಸ್ಥಾನದೊಳಗೇ ಇದ್ದವು. ಜಹೀರಾಬಾದಿನ ಕಡೆ ಇಂದಿಗೂ ನಮ್ಮ ಸಮಾಜದ ಮನೆಗಳಿವೆ. ವಿಜಯಪುರದಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು.

ದಂಪತಿಗಳು ಪ್ರಸಾದ ಸ್ವೀಕರಿಸಿ ಹೊರಡುವ ಮೊದಲು ನಾವು ಒಂದು ಹಾಳೆ ಕೊಟ್ಟು, ಹೋದರೆ ಯಾರು ಏನನ್ನು ಬಿಡಬೇಕಾಗುತ್ತದೆ, ಹೋಗದಿದ್ದರೆ ಯಾರು ಏನನ್ನು ಬಿಡಬೇಕಾಗುತ್ತದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆಯಲು ಹೇಳಿದೆವು. ಪತಿ ಮೊದಲ ಪಟ್ಟಿಯಲ್ಲಿ ಪತ್ನಿಯ ಹೆಸರು ಬರೆದಿದ್ದ. ಪತ್ನಿ ಎರಡನೆಯ ಪಟ್ಟಿಯಲ್ಲಿ ಪತಿಯ ಹೆಸರು ಬರೆದಿದ್ದಳು. ತಾಯಿಯ ಹೆಸರು ಇಬ್ಬರ ಹಾಳೆಯಲ್ಲಿಯೂ ಇರಲಿಲ್ಲ. ಕೇಳಿದರೆ, ಅವರನ್ನು ಇನ್ನೂ ಯಾರೂ ಕೇಳಿಯೇ ಇರಲಿಲ್ಲ.

ಕೇಳಿಕೊಂಡು ಬನ್ನಿರೆಂದು ಕಳುಹಿಸಿದೆವು. ಮೊನ್ನೆ ಕಾಗದ ಬಂದಿದೆ. ತಾನು ಗಂಡನ ಮನೆಗೆ ಬಂದ ಊರಿದು, ಬಿಡುವುದಿಲ್ಲ, ಮಗ ಹೋಗಿಬರಲಿ ಎಂದು ಆ ಹಿರಿಯ ಜೀವ ಹೇಳಿದೆಯಂತೆ. ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ ಸೊಸೆ, ಮೊಮ್ಮಗಳು ತನ್ನ ಬಳಿಯೇ ಇರಬೇಕೆಂಬ ಶರತ್ತನ್ನೂ ಹಾಕಿದ್ದಾರೆ. ನಾಲ್ಕನೆಯ ವರ್ಷದ ಪ್ರಶ್ನೆಯನ್ನು ಆತ ಆ ಸಂಸ್ಥೆಗೆ ಲಿಖಿತವಾಗಿ ಕೇಳಿದ್ದಾನೆ. ಅಲ್ಲಿಂದ ಉತ್ತರ ಬರಬೇಕಾಗಿದೆ.