ಮುದಿಯಾದದ್ದು ಯಂತ್ರವಲ್ಲ ದಾದಾ

ಕೋಲ್ಕತ್ತಾದ ಚಾಂದನಿ ಚೌಕದಲ್ಲಿ ಚಾರ್ಜರು, ರಿಮೋಟು, ಬಿಚ್ಚಿಟ್ಟ ಮೊಬೈಲುಗಳ ರಾಶಿಯ ನಡುವೆ ನನಗೊಂದು ಪಾಮ್ III ಸಿಕ್ಕಿತು. 1998ರ ಅಂಗೈ ಕಂಪ್ಯೂಟರು. ಎರಡು ಸಣ್ಣ ಪೆನ್ಸಿಲ್ ಸೆಲ್ ಹಾಕಿದೊಡನೆ ಪರದೆ ಮೂಡಿತು. “ಆನ್ ಆಗುತ್ತೆ ದಾದಾ, ಮೇಲ್ ಗೀಲ್ ಮಾತ್ರ ಬರಲ್ಲ. ಮುದಿಯಾಗಿದೆ” ಎಂದ ಅಂಗಡಿಯವ, ಅರ್ಧ ಹಿಂದಿ ಅರ್ಧ ಬಾಂಗ್ಲಾದಲ್ಲಿ. ಹೀಗೆ ನಂಬುವವನು ಅವನೊಬ್ಬನೇ ಅಲ್ಲ.

ಮೊದಲಿಗೆ, ಪರದೆಯ ಮೇಲೆ ‘ಮೇಲ್’ ಎಂಬ ಗುಂಡಿ ಇದೆಯಲ್ಲ, ಹಾಗಾಗಿ ಇದು ತಾನೇ ಅಂತರ್ಜಾಲಕ್ಕೆ ಹೋಗಿ ಪತ್ರ ತರುತ್ತಿತ್ತು ಎಂಬ ಭಾವನೆ. ತರುತ್ತಿರಲಿಲ್ಲ. ಮೇಜಿನ ಮೇಲಿನ ತೊಟ್ಟಿಲಲ್ಲಿ ಕೂರಿಸಿ ಗುಂಡಿ ಒತ್ತಿದರೆ, ಕಂಪ್ಯೂಟರಿಗೆ ಆಗಲೇ ಬಂದಿದ್ದ ಪತ್ರಗಳ ಪ್ರತಿ ಇದರೊಳಗೆ ಇಳಿಯುತ್ತಿತ್ತು. ಟ್ರಾಮಿನಲ್ಲಿ ಕೂತು ಓದಿ, ಉತ್ತರ ಬರೆದಿಟ್ಟು, ಮರಳಿ ಬಂದು ತೊಟ್ಟಿಲಿಗೆ ಇಟ್ಟಾಗಲೇ ಆ ಉತ್ತರ ಹೊರಡುತ್ತಿದ್ದದ್ದು. ಇದಕ್ಕೆ ಹಾಟ್‌ಸಿಂಕ್ ಎಂದು ಹೆಸರು. ನೇರವಾಗಿ ಸರ್ವರ್ ಜೊತೆ ಮಾತಾಡಬೇಕಿದ್ದರೆ ಮೋಡೆಮ್ ಸಿಕ್ಕಿಸಿ, ಮಲ್ಟಿಮೇಲ್‌ನಂಥ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ರೇಡಿಯೊ ಅಳವಡಿಸಿದ ಪಾಮ್ VII ಬಂದದ್ದು 1999ರಲ್ಲಿ, ಅದೂ ಅಮೆರಿಕದ ಜಾಲಕ್ಕಷ್ಟೇ.

ಕೋಲ್ಕತ್ತಾದವರಲ್ಲಿ ಈ ಭಾವನೆಗೆ ಇನ್ನೊಂದು ರೂಪವಿದೆ. ದೇಶದ ಮೊದಲ ಮೊಬೈಲ್ ಕರೆ ಇಲ್ಲಿಂದಲೇ ಹೋಯಿತು: 1995ರ ಜುಲೈ 31ರಂದು ಮುಖ್ಯಮಂತ್ರಿ ಜ್ಯೋತಿ ಬಸು ರೈಟರ್ಸ್ ಬಿಲ್ಡಿಂಗ್‌ನಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಹದಿನೈದು ದಿನ ಕಳೆದು, ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ತೆರೆಯಿತು. ಎರಡನ್ನೂ ಕೂಡಿಸಿ, ಅಂಗೈಗೆ ಮೇಲ್ ಬಂದದ್ದೂ ಆಗಲೇ ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಬಸು ಅವರ ಕೈಯಲ್ಲಿದ್ದದ್ದು ಮಾತಿನ ಯಂತ್ರ, ವಿಎಸ್‌ಎನ್‌ಎಲ್ ಕೊಟ್ಟದ್ದು ಮನೆಯ ಫೋನ್ ತಂತಿಯ ಮೇಲೆ ಕಿರುಗುಟ್ಟುವ ಸಂಪರ್ಕ. ಅವೆರಡೂ ಒಂದೇ ಜೇಬಿಗೆ ಬರಲು ವರ್ಷಗಳೇ ಹಿಡಿದವು.

ಇನ್ನು ಅಂಗಡಿಯವನ ಮಾತಿಗೆ ಬರೋಣ. ಪತ್ರ ಕಳಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ಪತ್ರ ಇಳಿಸಿಕೊಳ್ಳುವ ಪಾಪ್3ರ ಈಗಿನ ರೂಪ 1996ರದ್ದು. ಇಂದಿಗೂ ಅವೇ ನಡೆಯುತ್ತಿವೆ. ಮಲ್ಟಿಮೇಲ್ ಹಾಕಿದರೆ ನನ್ನ ಪಾಮ್‌ಗೆ ಆ ಭಾಷೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಬಾಗಿಲಿನ ಬೀಗ. ಈಗಿನ ಬಹುತೇಕ ಸರ್ವರ್‌ಗಳು ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟಿಎಲ್‌ಎಸ್‌ನ ಮೊದಲ ಆವೃತ್ತಿ ಹೊರಬಂದದ್ದೇ 1999ರಲ್ಲಿ, ಅಂದರೆ ಪಾಮ್ III ಅದಕ್ಕಿಂತ ಒಂದು ವರ್ಷ ಹಿರಿಯ. ಆ ಮೊದಲ ಆವೃತ್ತಿಯನ್ನೂ ಅದರ ತಮ್ಮನನ್ನೂ 2021ರಲ್ಲಿ ಅಧಿಕೃತವಾಗಿ ಕೈಬಿಟ್ಟರು. ಮರುವರ್ಷ ಗೂಗಲ್, ಬರಿಯ ಹೆಸರು-ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ತಂತ್ರಾಂಶಗಳಿಗೆ ವೈಯಕ್ತಿಕ ಖಾತೆಗಳಲ್ಲಿ ಬಾಗಿಲು ಹಾಕಿತು. 16 ಮೆಗಾಹರ್ಟ್ಸ್‌ನ ಈ ಪುಟ್ಟ ಪ್ರೊಸೆಸರ್‌ಗೆ ಹೊಸ ಬೀಗದ ಗಣಿತ ಕಲಿಸಹೊರಟರೆ ಅದಕ್ಕೆ ಏದುಸಿರು.

ಹಾಗಂತ ದಾರಿಯಿಲ್ಲವೆಂದಲ್ಲ. ನಡುವೆ ಒಬ್ಬ ದುಭಾಷಿ ಇರಬೇಕು. ನಾನು ಮೂಲೆಯಲ್ಲಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಸ್ಟನೆಲ್ ಎಂಬ ಉಚಿತ ತಂತ್ರಾಂಶ ಕೂರಿಸಿದೆ. ಅದು ಆ ಕಡೆ ಸರ್ವರ್ ಜೊತೆ ಇಂದಿನ ಬೀಗ ತೆರೆದು ಮಾತಾಡುತ್ತದೆ, ಈ ಕಡೆ ಪಾಮ್‌ಗೆ ಬರಿಯ ಪಾಪ್3 ಒಪ್ಪಿಸುತ್ತದೆ. ಪಾಮ್ ತನ್ನ ಸೀರಿಯಲ್ ತಂತಿಯಲ್ಲೇ ಪೈಗೆ ಅಂಟಿಕೊಂಡಿರುತ್ತದೆ. ಖಾತೆಯಲ್ಲಿ ಎರಡು ಹಂತದ ದೃಢೀಕರಣ ಹಾಕಿ, ಪಾಮ್‌ಗೆಂದೇ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಮಾಡಿಸಿಕೊಂಡೆ. ಬೀಗವಿಲ್ಲದ ಭಾಗ ಮನೆಯ ಮೇಜಿನ ಮೇಲಷ್ಟೇ ಇರಲಿ, ಹೋಟೆಲಿನ ವೈಫೈಗೆ ಬೇಡ.

ಹಳೆಯ ಬ್ಲ್ಯಾಕ್‌ಬೆರಿಗೂ ಇದೇ ಔಷಧ ನಡೆದೀತು ಎಂದು ಗೆಳೆಯರೊಬ್ಬರು ಕೇಳಿದರು. ನಡೆಯದು. ಅದರ ಪತ್ರಗಳೆಲ್ಲ ಕಂಪನಿಯದೇ ಸೇವೆಯ ಮೂಲಕ ಹಾಯ್ದು ಬರುತ್ತಿದ್ದವು. ಅದನ್ನು 2022ರ ಜನವರಿ 4ರಂದು ಮುಚ್ಚಿದರು. ಅಲ್ಲಿ ಅಂಚೆ ಕಚೇರಿಯೇ ಇಲ್ಲ. ಅಂಗಡಿಯವನ ಮಾತಿಗಿಂತಲೂ ಕೆಟ್ಟ ಸ್ಥಿತಿ.

ಪಾಮ್‌ನಲ್ಲಿ ಇಳಿಸಿದ ಪತ್ರ ಶಾಶ್ವತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವು ಇರುವುದು ಸೆಲ್ ಜೀವಂತವಿಟ್ಟ ನೆನಪಿನಲ್ಲಿ. ಸೆಲ್ ಬದಲಿಸಲು ನಿಮಗಿರುವುದು ಸುಮಾರು ಒಂದು ನಿಮಿಷ.

ಕನ್ನಡಿಗರಿಗೆ ಇನ್ನೊಂದು ದೂರು ಇದೆ: “ಕನ್ನಡದ ಪತ್ರ ಇಮೇಲಿನಲ್ಲಿ ಕೆಟ್ಟುಹೋಗುತ್ತದೆ.” ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 1992ರ ಮೈಮ್ ನಿಯಮ ಬಂದಂದಿನಿಂದ ಯಾವ ಲಿಪಿಯನ್ನಾದರೂ ಇಂಗ್ಲಿಷ್ ಅಕ್ಷರಗಳ ವೇಷ ತೊಡಿಸಿ ಕಳಿಸಬಹುದು. ‘ಕಲ್ಕತ್ತಾ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅರ್ಧಾಕ್ಷರದ ಚಿಹ್ನೆ, ದೀರ್ಘ ಎಲ್ಲ ಬಿಡಿಸಿದರೆ ಯುನಿಕೋಡ್‌ನಲ್ಲಿ ಎಂಟು ಸಂಕೇತ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 24. ಪ್ರಯಾಣದ ವೇಷ ತೊಟ್ಟರೆ 32 ಅಕ್ಷರ. ಪದ ಉಬ್ಬುತ್ತದೆ, ಕೆಡುವುದಿಲ್ಲ. ಪಾಮ್‌ನ ಪರದೆಗೆ ಬಂದಾಗ ಕಸದಂತೆ ಕಾಣುವುದು ಅದಕ್ಕೆ ಯುನಿಕೋಡ್ ಗೊತ್ತಿಲ್ಲದ, ಕನ್ನಡ ಫಾಂಟೂ ಇಲ್ಲದ ಕಾರಣಕ್ಕೆ. ಅದೇ ಪತ್ರವನ್ನು ಫೋನಿನಲ್ಲಿ ತೆರೆದರೆ ಒತ್ತಕ್ಷರವೂ ನೆಟ್ಟಗಿರುತ್ತದೆ.

ಪುಟ್ಟ ಯಂತ್ರಕ್ಕೆ ನಮ್ಮ ಭಾಷೆ ಭಾರ ಎನ್ನುವವರಿಗೆ ಬೆಂಗಳೂರಿನಲ್ಲೇ ಉತ್ತರವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್, ಲಿನಕ್ಸ್ ಮೇಲೆ ಓಡುವ ಅಂಗೈ ಕಂಪ್ಯೂಟರು. ಹರಿಹರನ್ ಅದಕ್ಕೆಂದು ಮಾಡಿದ ‘ಧ್ವನಿ’ ತಂತ್ರಾಂಶ ಕನ್ನಡದ ಪಠ್ಯವನ್ನು ಗಟ್ಟಿಯಾಗಿ ಓದುತ್ತಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಮಾರುಕಟ್ಟೆಗೂ ಬಂತು, ಆದರೆ ಕೊಂಡವರು ಕೆಲವೇ ಸಾವಿರ. ಸೋತದ್ದು ಮಾರಾಟದಲ್ಲಿ. ಕನ್ನಡದಲ್ಲಿ ಸೋತಿತು ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ.

ಮಲ್ಟಿಮೇಲ್ ಹಾಕಿ, ಪೈ ಹೊತ್ತಿಸಿ, ಮೈಸೂರಿನ ಅಕ್ಕನಿಗೆ ಒಂದು ಸಾಲು ಬರೆಯಲು ಹೇಳಿದೆ. ಕನ್ನಡದಲ್ಲಿ ಬಂದ ಮೊದಲ ಪತ್ರ ಪರದೆಯ ಮೇಲೆ ಕಸವಾಯಿತು. ಎರಡನೆಯದನ್ನು ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು: ಊಟ ಆಯ್ತಾ? ಅದನ್ನು ಹಿಡಿದು ಚಾಂದನಿಗೆ ಹೋದೆ. ಅಂಗಡಿಯವ ಪರದೆ ನೋಡಿದ, ನನ್ನ ಮುಖ ನೋಡಿದ, “ಇನ್ನೂರು ಜಾಸ್ತಿ ಕೇಳಬೇಕಿತ್ತು” ಎಂದ.